ಚೀಟಿಯಲ್ಲಿ ಶುಗರ್ ಇದೆ, ಹೊಟ್ಟೆಯ ಸುತ್ತಳತೆ ಇಲ್ಲ

ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಪ್ಪನ ಶುಗರ್ ಪುರಾಣವೆಲ್ಲ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿದೆ. ಈಚೆಗೆ ಊರಿಗೆ ಹೋದಾಗ ಆ ಕವರನ್ನು ಜಗಲಿ ಮೇಲೆ ಸುರಿದು, ಎಂಟು ವರ್ಷದ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲ ಚೀಟಿಯಲ್ಲಿ ಮೆಟ್‌ಫಾರ್ಮಿನ್ 500, ದಿನಕ್ಕೆ ಎರಡು. ಮೂಲೆಯಲ್ಲಿ ತೂಕ 76 ಕೆ.ಜಿ. ಎಂದು ಬರೆದಿದೆ. ವರ್ಷದ ಮೇಲೆ ಅದಕ್ಕೆ ಗ್ಲಿಮೆಪಿರೈಡ್ 1 ಸೇರಿತು. ಆಮೇಲೆ ಅದು 2 ಆಯಿತು. ಆಮೇಲೆ ಪಯೋಗ್ಲಿಟಜೋನ್ ಕೂಡ ಒಳಗೆ ಸೇರಿಸಿದ, ಮೂರು ಔಷಧಿ ಒಂದರಲ್ಲೇ ಇರುವ ಮಾತ್ರೆ ಬಂತು. ಊಟಕ್ಕೆ ಮೊದಲಿನ ಶುಗರ್, ಊಟವಾದ ಮೇಲಿನ ಶುಗರ್ ಎಲ್ಲ ಚೀಟಿಗಳಲ್ಲೂ ತಪ್ಪದೆ ಇವೆ. ತೂಕ ಮಾತ್ರ ಆ ಮೊದಲ ಚೀಟಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಮಾವಿನಕಾಯಿ ತೂಗುವ ತಕ್ಕಡಿ ಇತ್ತು. ಹತ್ತಿಸಿ ನೋಡಿದೆವು. 88.

"ಶುಗರ್ ಕಂಟ್ರೋಲ್‌ನಾಗೈತಲ್ಲಪ್ಪಾ, ಇನ್ನೇನು?" ಅಂದರು ಚಿಕ್ಕಪ್ಪ. ಆಮೇಲೆ ಚಿಕ್ಕಮ್ಮನಿಗೆ ಕೇಳದ ಹಾಗೆ ದನಿ ತಗ್ಗಿಸಿ, "ಅದೇನೋ ವಾರಕ್ಕೊಂದು ಇಂಜೆಕ್ಷನ್ ಬಂದೈತಂತೆ, ಹಾಕಿಸ್ಕೊಂಡ್ರೆ ಸಣ್ಣ ಆಗ್ತಾರಂತೆ. ವಿಚಾರಿಸಿ ಹೇಳು" ಅಂದರು.

ವಿಚಾರಿಸಿದೆ. ಇಂಜೆಕ್ಷನ್ನಿನ ಬಗ್ಗೆ ತಿಳಿಯಲು ಹೊರಟವನಿಗೆ ಅದಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಆ ಕವರಿನೊಳಗಿನ ಖಾಲಿ ಜಾಗ. ದಪ್ಪಗಿರುವ ಮನುಷ್ಯನಿಗೆ ಡಯಾಬಿಟೀಸ್ ಬಂದಾಗ ನಮ್ಮಲ್ಲಿ ಚಿಕಿತ್ಸೆ ಸಿಗುವುದು ಡಯಾಬಿಟೀಸಿಗೆ ಮಾತ್ರ. ದಪ್ಪ ಅನ್ನುವುದು ಬೈಗುಳವಾಗಿ, ಬುದ್ಧಿಮಾತಾಗಿ ಒಂದು ಕಡೆ ಉಳಿದುಬಿಡುತ್ತದೆ. "ತೂಕ ಇಳಿಸ್ರಿ, ಅನ್ನ ಬಿಡ್ರಿ" ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ತೂಕ ಏರಿಸುವ ಮಾತ್ರೆ ಬರೆಯುವುದು ಎಷ್ಟು ವಿಚಿತ್ರ ಎಂದು ಯಾರಿಗೂ ಅನಿಸುವುದಿಲ್ಲ. ವೈದ್ಯರ ತಪ್ಪು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಒಂದು ಬೆಳಗ್ಗೆಗೆ ನೂರು ಜನರನ್ನು ನೋಡಬೇಕಾದ ಒಪಿಡಿಯಲ್ಲಿ, ಐದು ರೂಪಾಯಿಯೊಳಗಿನ ಮಾತ್ರೆಯಲ್ಲಿ ಶುಗರ್ ಇಳಿಸಿ ಕಳಿಸಬೇಕಾದವರಿಗೆ ಬೇರೆ ದಾರಿ ಬಹುಕಾಲ ಇರಲೇ ಇಲ್ಲ. ಈಗ ದಾರಿಗಳಿವೆ, ಚೀಟಿ ಮಾತ್ರ ಹಳೆಯದೇ.

ಉಗ್ರಾಣ ತುಂಬಿದ ಮೇಲೆ

ಕೊಬ್ಬು ಎಲ್ಲಿ ಕೂತಿದೆ ಅನ್ನುವುದು ಎಷ್ಟಿದೆ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಚರ್ಮದ ಕೆಳಗೆ, ತೊಡೆಯಲ್ಲಿ, ನಿತಂಬದಲ್ಲಿ ಕೂತ ಕೊಬ್ಬು ಉಗ್ರಾಣದಲ್ಲಿಟ್ಟ ಮೂಟೆಯ ಹಾಗೆ. ಅದರಿಂದ ಅಷ್ಟು ತೊಂದರೆಯಿಲ್ಲ. ಆ ಉಗ್ರಾಣ ತುಂಬಿದ ಮೇಲೆ ಮೂಟೆಗಳನ್ನು ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಕೊನೆಗೆ ದೇವರಮನೆಯಲ್ಲೂ ಪೇರಿಸಬೇಕಾಗುತ್ತದಲ್ಲ, ಕರುಳಿನ ಸುತ್ತ, ಯಕೃತ್ತಿನ ಒಳಗೆ, ಮೇದೋಜೀರಕ ಗ್ರಂಥಿಯಲ್ಲಿ ಕೊಬ್ಬು ಸೇರುವುದು ಹಾಗೆ. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ರಾತ್ರಿಯಿಡೀ ತನ್ನಷ್ಟಕ್ಕೆ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ರಾತ್ರಿ ಏನೂ ತಿನ್ನದೆ ಮಲಗಿದರೂ ಬೆಳಗ್ಗೆ ಶುಗರ್ 170 ಯಾಕಿರುತ್ತದೆ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಬಹುಪಾಲು ಇಲ್ಲೇ ಇದೆ. ಅದೇ ಯಕೃತ್ತು ಟ್ರೈಗ್ಲಿಸರೈಡ್ ಅನ್ನುವ ಕೊಬ್ಬನ್ನೂ ರಕ್ತಕ್ಕೆ ತಳ್ಳುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಕೆಳಗಿಳಿಯುತ್ತದೆ, ಬಿಪಿ ಏರುತ್ತದೆ, ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್' ಎಂದು ಬರುತ್ತದೆ. ಶುಗರ್, ಬಿಪಿ, ಕೊಲೆಸ್ಟ್ರಾಲ್, ಲಿವರ್ ಎಂದು ನಾವು ನಾಲ್ಕು ಕಾಯಿಲೆಯ ಹೆಸರು ಹೇಳುತ್ತೇವೆ. ಒಂದೇ ಬಳ್ಳಿಯ ಕಾಯಿಗಳು ಅವು.

ನಮ್ಮವರ ಉಗ್ರಾಣವೇ ಚಿಕ್ಕದು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮನ್ನೂ ತಮ್ಮ ಬ್ರಿಟಿಷ್ ಗೆಳೆಯ ಜಾನ್ ಯುಡ್ಕಿನ್ ಅವರನ್ನೂ ಅಕ್ಕಪಕ್ಕ ನಿಲ್ಲಿಸಿದ ಫೋಟೊವನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 22.3, ಕರಾರುವಾಕ್ಕಾಗಿ ಒಂದೇ. ಬ್ರಿಟಿಷ್ ವೈದ್ಯರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನುವ ನಮ್ಮೂರ ಕಡೆಯ ಮೈಕಟ್ಟಿಗೆ ಇದಕ್ಕಿಂತ ಚೆಂದದ ಪುರಾವೆ ನನಗೆ ಕಂಡಿಲ್ಲ. ಆದ್ದರಿಂದಲೇ ಭಾರತೀಯರಿಗೆ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಬಿಳಿಯರಿಗೆ ಈ ಅಂಕಿ 25 ಮತ್ತು 30. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು. ಐದಡಿ ಆರಿಂಚಿನ ಚಿಕ್ಕಪ್ಪ ಶುಗರ್ ಶುರುವಾದಾಗಲೇ ಬಿಎಂಐ 27ರಲ್ಲಿದ್ದರು. ಈಗ 31.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ 10.1 ಕೋಟಿ ಡಯಾಬಿಟೀಸ್ ರೋಗಿಗಳು ಅನ್ನುವ ಅಂಕಿ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಅದೇ ವರದಿಯಲ್ಲಿದ್ದ ಇನ್ನೊಂದು ಅಂಕಿ, ಅಂದರೆ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆ ಬೊಜ್ಜು ಇದೆ ಅನ್ನುವುದು, ಅಷ್ಟು ಸುದ್ದಿಯಾಗಲಿಲ್ಲ. ಮೊದಲನೆಯ ಅಂಕಿ ಮುಂದೆ ಎಲ್ಲಿಗೆ ಹೋಗಲಿದೆ ಎಂದು ಹೇಳುವುದು ಈ ಎರಡನೆಯದೇ.

ಮುದ್ದೆ ಮತ್ತು ಮಾವಿನ ಮಾತು

ಇಲ್ಲಿ ಒಂದು ಮಾತು ಹೇಳದಿದ್ದರೆ ಕೋಲಾರದವನಾಗಿ ನನಗೆ ಸಮಾಧಾನವಿಲ್ಲ. ಶುಗರ್ ಇದ್ದವರಿಗೆ ಮುದ್ದೆ ಔಷಧಿ ಎಂದು ನಮ್ಮಲ್ಲಿ ಒಂದು ನಂಬಿಕೆ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪಿಷ್ಟವೇ. ಅದನ್ನು ಮಿಷನ್ನಿನಲ್ಲಿ ನುಣ್ಣಗೆ ಬೀಸಿ, ಬೇಯಿಸಿ, ಅಗಿಯದೆ ನುಂಗಿದರೆ ಸಕ್ಕರೆ ಬೇಗನೇ ಏರುತ್ತದೆ. ನಾರು, ಸುಣ್ಣದಂಶ ಇವೆ, ಹೊಟ್ಟೆ ತುಂಬಿದ ಭಾವ ಬಹಳ ಹೊತ್ತು ಇರುತ್ತದೆ, ಅದು ನಿಜ. ಆದರೆ ಹೊಲದಲ್ಲಿ ಗುದ್ದಲಿ ಹಿಡಿದ ತಾತ ತಿನ್ನುತ್ತಿದ್ದ ಎರಡು ಮುದ್ದೆಯನ್ನೇ, ಬೈಕಿನಲ್ಲಿ ಮಂಡಿಗೆ ಹೋಗಿ ಕುರ್ಚಿ ಮೇಲೆ ಕೂರುವ ಮೊಮ್ಮಗನೂ ತಿಂದರೆ ಲೆಕ್ಕ ಹೊಂದುವುದಿಲ್ಲ. ಒಂದು ಸಣ್ಣ ಮುದ್ದೆ, ಜೊತೆಗೆ ಬಟ್ಟಲು ತುಂಬ ಬಸ್ಸಾರಿನ ಕಾಳು-ಸೊಪ್ಪು ಎಂದಾದರೆ ಅದು ಬೇರೆ ಊಟ. ಇನ್ನು ಮೇ-ಜೂನ್ ಬಂತೆಂದರೆ ಶ್ರೀನಿವಾಸಪುರದ ಕಡೆ ಎಷ್ಟು ಮಂದಿಯ ಶುಗರ್ ಏರುತ್ತದೆ ಎಂದು ಅಲ್ಲಿನ ಲ್ಯಾಬಿನವರನ್ನು ಕೇಳಿ ನೋಡಿ. ಸ್ವಂತ ತೋಪಿನ ಹಣ್ಣು, ಬೇಡ ಅನ್ನುವವರು ಯಾರು?

ಊಟ ಸರಿಮಾಡಿಕೊಂಡು ನಡೆದಾಡಿದರೆ ಸಾಕು, ಔಷಧಿ ಯಾಕೆ ಎಂದು ಕೇಳುವವರಿಗೆ ಬ್ರಿಟನ್ನಿನ 'ಡೈರೆಕ್ಟ್' ಪ್ರಯೋಗ ಒಳ್ಳೆಯ ಉತ್ತರ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಟ್ಟುನಿಟ್ಟಾದ ಕಡಿಮೆ ಕ್ಯಾಲೊರಿ ಆಹಾರದಿಂದ ತೂಕ ಇಳಿಸಿದವರಲ್ಲಿ ಶೇ 46ರಷ್ಟು ಮಂದಿಯ ಡಯಾಬಿಟೀಸ್ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆಯೇ ಹಿಮ್ಮೆಟ್ಟಿತ್ತು. 15 ಕೆ.ಜಿ. ಮತ್ತು ಹೆಚ್ಚು ಇಳಿಸಿದವರಲ್ಲಿ ಅದು ಶೇ 86. ತೂಕವೇ ಮೂಲ ಅನ್ನುವುದು ಇದರಿಂದ ಸಾಬೀತಾಯಿತು. ಆದರೆ ಎಲ್ಲರಿಗೂ ಹದಿನೈದು ಕೆ.ಜಿ. ಇಳಿಯುವುದಿಲ್ಲ, ಇಳಿದದ್ದು ನಿಲ್ಲುವುದಿಲ್ಲ. ಹಸಿವು ಬರೀ ಮನಸ್ಸಿನ ಕಟ್ಟುಪಾಡಿನ ವಿಷಯವಲ್ಲ, ಅದರ ಹಿಂದೆ ಹಾರ್ಮೋನುಗಳಿವೆ. ಔಷಧಿ ಬೇಕಾಗುವುದು ಅಲ್ಲಿ.

ಶುಗರ್ ಇಳಿಸಿ ತೂಕ ಏರಿಸುವ ಮಾತ್ರೆಗಳು

ಚಿಕ್ಕಪ್ಪನ ಕವರಿಗೇ ಮರಳೋಣ. ಗ್ಲಿಮೆಪಿರೈಡ್ ಮೇದೋಜೀರಕಕ್ಕೆ ಚಾಟಿ ಬೀಸುವ ಮಾತ್ರೆ. ರಕ್ತದಲ್ಲಿ ಸಕ್ಕರೆ ಹೆಚ್ಚಿರಲಿ ಕಡಿಮೆಯಿರಲಿ, ಇನ್ಸುಲಿನ್ ಸುರಿಸು ಅನ್ನುತ್ತದೆ. ಸಕ್ಕರೆ ಇಳಿಯುತ್ತದೆ, ಆದರೆ ಇಳಿದ ಸಕ್ಕರೆ ಮೈಯೊಳಗೇ ಉಳಿದು ಕೊಬ್ಬಾಗುತ್ತದೆ. ಜೊತೆಗೆ ಹನ್ನೊಂದು ಗಂಟೆಯ ಹೊತ್ತಿಗೆ ಕೈ ನಡುಗಿ, ಬೆವರಿ, ಏನಾದರೂ ತಿನ್ನಲೇಬೇಕು ಅನ್ನಿಸುತ್ತದೆ. ಚಿಕ್ಕಪ್ಪನ ಅಂಗಿ ಜೇಬಿನಲ್ಲಿ ಸದಾ ಎರಡು ಪಾರ್ಲೆ-ಜಿ ಇರುತ್ತಿದ್ದದ್ದು ಯಾಕೆ ಎಂದು ನನಗೆ ಈಗ ಅರ್ಥವಾಯಿತು. ಲೋ ಶುಗರ್ ಆಗುತ್ತದೆಂದು ಬಿಸ್ಕೆಟ್, ಬಿಸ್ಕೆಟ್ಟಿನಿಂದ ತೂಕ, ತೂಕದಿಂದ ಇನ್ನಷ್ಟು ಮಾತ್ರೆ. ಬ್ರಿಟನ್ನಿನಲ್ಲಿ ಇಪ್ಪತ್ತು ವರ್ಷ ನಡೆದು 1998ರಲ್ಲಿ ಪ್ರಕಟವಾದ ಯುಕೆಪಿಡಿಎಸ್ ಅಧ್ಯಯನದಲ್ಲಿ, ಬರೀ ಪಥ್ಯದಲ್ಲಿದ್ದವರಿಗೆ ಹೋಲಿಸಿದರೆ ಇದೇ ಜಾತಿಯ ಹಳೆಯ ಮಾತ್ರೆ ಗ್ಲಿಬೆನ್‌ಕ್ಲಮೈಡ್ ತೆಗೆದುಕೊಂಡವರ ತೂಕ 1.7 ಕೆ.ಜಿ., ಇನ್ಸುಲಿನ್ ತೆಗೆದುಕೊಂಡವರ ತೂಕ 4 ಕೆ.ಜಿ. ಹೆಚ್ಚು ಏರಿತ್ತು.

ಹಾಗೆಂದು ಗ್ಲಿಮೆಪಿರೈಡ್ ವಿಷವೇನಲ್ಲ. 2019ರ 'ಕ್ಯಾರೊಲಿನಾ' ಪ್ರಯೋಗದಲ್ಲಿ ಅದನ್ನು ಲಿನಾಗ್ಲಿಪ್ಟಿನ್ ಅನ್ನುವ ಇನ್ನೊಂದು ಶುಗರ್ ಮಾತ್ರೆಯ ಜೊತೆ ಹೋಲಿಸಿದಾಗ ಹೃದಯಕ್ಕೆ ಹೆಚ್ಚಿನ ಅಪಾಯವೇನೂ ಕಾಣಲಿಲ್ಲ. ಆದರೆ ಲೋ ಶುಗರ್ ಆದವರು ಗ್ಲಿಮೆಪಿರೈಡ್ ಕಡೆ ಶೇ 37.7, ಲಿನಾಗ್ಲಿಪ್ಟಿನ್ ಕಡೆ ಶೇ 10.6. ಸಣಕಲಾಗಿರುವ, ದುಡ್ಡಿಗೆ ಕಷ್ಟವಿರುವ, ಶುಗರ್ 350 ಇಟ್ಟುಕೊಂಡು ಬಂದವರಿಗೆ ಅದು ಈಗಲೂ ಉಪಕಾರಿ. ನನ್ನ ತಕರಾರು ಬಿಎಂಐ 31ರ ಮನುಷ್ಯನಿಗೆ ಅದನ್ನೇ ಏರಿಸುತ್ತ ಹೋಗುವುದರ ಬಗ್ಗೆ.

ಪಯೋಗ್ಲಿಟಜೋನ್ ಕಥೆ ಇನ್ನೂ ಗೋಜಲು. ಅದೂ ತೂಕ ಏರಿಸುತ್ತದೆ, ಕಾಲಲ್ಲಿ ನೀರು ತುಂಬಿಸುತ್ತದೆ, ಹೃದಯ ದುರ್ಬಲವಿದ್ದವರಿಗೆ ಕೊಡಲೇಬಾರದು. ಮೂತ್ರಕೋಶದ ಕ್ಯಾನ್ಸರ್ ಭಯದಿಂದ 2013ರ ಜೂನ್‌ನಲ್ಲಿ ಸರ್ಕಾರ ಅದರ ಮಾರಾಟ ನಿಲ್ಲಿಸಿ, ಮರುತಿಂಗಳೇ ಎಚ್ಚರಿಕೆಯ ಮಾತು ಅಚ್ಚು ಹಾಕಿಸಿ ಮತ್ತೆ ಬಿಟ್ಟಿತು. ಆದರೂ ಅದು ಮೂಟೆಗಳನ್ನು ದೇವರಮನೆಯಿಂದ ಉಗ್ರಾಣಕ್ಕೆ ಸಾಗಿಸುವ ಔಷಧಿ: ಯಕೃತ್ತಿನ ಕೊಬ್ಬನ್ನು ಚರ್ಮದ ಕೆಳಕ್ಕೆ ಕಳಿಸುತ್ತದೆ. ತಕ್ಕಡಿ ಏರಿದರೂ ಒಳಗಿನ ಲೆಕ್ಕ ಸುಧಾರಿಸಬಹುದು. ತೂಕವನ್ನೇ ದೇವರು ಮಾಡಿಕೊಳ್ಳಬಾರದು ಅನ್ನುವುದಕ್ಕೆ ಇದನ್ನು ಹೇಳಿದೆ.

ಮೆಟ್‌ಫಾರ್ಮಿನ್‌ಗೆ ಮಾತ್ರ ಕೈಮುಗಿಯಬೇಕು. ಯುರೋಪಿನ ಹೊಲಗಳ ಗಲೇಗಾ ಅನ್ನುವ ಒಂದು ಗಿಡದ ಸಾರದಿಂದ ಹೊರಟ ಎಳೆ, 1957ರಲ್ಲಿ ಪ್ಯಾರಿಸ್ಸಿನ ಜಾನ್ ಸ್ಟರ್ನ್ ಕೈಯಲ್ಲಿ ಔಷಧಿಯಾಯಿತು. ಯಕೃತ್ತು ಸಕ್ಕರೆ ತಯಾರಿಸುವುದನ್ನೇ ತಗ್ಗಿಸುತ್ತದೆ, ತೂಕ ಏರಿಸುವುದಿಲ್ಲ, ಒಬ್ಬಂಟಿಯಾಗಿ ಲೋ ಶುಗರ್ ಮಾಡುವುದಿಲ್ಲ. ಅದೇ ಯುಕೆಪಿಡಿಎಸ್‌ನಲ್ಲಿ ದಪ್ಪಗಿದ್ದ ರೋಗಿಗಳಿಗೆ ಇದನ್ನು ಕೊಟ್ಟಾಗ ಒಟ್ಟಾರೆ ಸಾವುಗಳು ಶೇ 36ರಷ್ಟು ತಗ್ಗಿದ್ದವು. ಹೊಟ್ಟೆ ಉಬ್ಬರ, ಭೇದಿ ಎಂದು ಮೊದಲ ವಾರದಲ್ಲೇ ಬಿಡುವವರು ಬಹಳ. ಊಟದ ಜೊತೆಗೆ, ಸಣ್ಣ ಪ್ರಮಾಣದಿಂದ ಶುರು ಮಾಡಿ, ನಿಧಾನವಾಗಿ ಕರಗುವ ಮಾತ್ರೆ ಬರೆಸಿಕೊಂಡರೆ ಹೆಚ್ಚಿನವರಿಗೆ ಒಗ್ಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರು ವಿಟಮಿನ್ ಬಿ12 ಕಡಿಮೆಯಾಗಿದೆಯೇ ಎಂದು ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಕಾಲು ಜುಮ್ಮೆನ್ನುವುದಕ್ಕೆಲ್ಲ ಶುಗರ್ರೇ ಕಾರಣವಾಗಿರುವುದಿಲ್ಲ.

ಮಧ್ಯದಲ್ಲಿ ಮರೆತುಹೋದವು

ಇಂಜೆಕ್ಷನ್ನಿನ ಗದ್ದಲದಲ್ಲಿ ಯಾರೂ ಮಾತಾಡದ ಮಾತ್ರೆಗಳೆಂದರೆ ಡಪಾಗ್ಲಿಫ್ಲೋಜಿನ್ ಮತ್ತು ಎಂಪಾಗ್ಲಿಫ್ಲೋಜಿನ್. ಇವು ಮೂತ್ರಪಿಂಡದ ಬಾಗಿಲು ತೆರೆದು ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಶುಗರ್ ಇಳಿಯುತ್ತದೆ, ಎರಡು ಮೂರು ಕೆ.ಜಿ. ತೂಕವೂ ಇಳಿಯುತ್ತದೆ, ಬಿಪಿ ಒಂದಿಷ್ಟು ತಗ್ಗುತ್ತದೆ. ದೊಡ್ಡ ಸುದ್ದಿ ಅದಲ್ಲ. 2015ರಲ್ಲಿ ಎಂಪಾಗ್ಲಿಫ್ಲೋಜಿನ್ ಪ್ರಯೋಗದ ಫಲಿತಾಂಶ ಬಂದಾಗ, ಹೃದಯರೋಗವಿದ್ದ ಡಯಾಬಿಟೀಸ್ ರೋಗಿಗಳಲ್ಲಿ ಹೃದಯ ಸಂಬಂಧಿ ಸಾವು ಶೇ 38ರಷ್ಟು ಕಡಿಮೆಯಾಗಿತ್ತು. ಕಿಡ್ನಿಯ ಸವೆತವನ್ನೂ ಇವು ನಿಧಾನಗೊಳಿಸುತ್ತವೆ.

ಬೆಲೆ ನೋಡಿ. ಡಪಾಗ್ಲಿಫ್ಲೋಜಿನ್‌ನ ಮೊದಲ ಪೇಟೆಂಟ್ 2020ರಲ್ಲೇ ಮುಗಿಯಿತು. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದು, ಸುಮಾರು 60 ರೂಪಾಯಿಯ ಮಾತ್ರೆ ಕೆಲವು ಕಂಪನಿಗಳಲ್ಲಿ 10 ರೂಪಾಯಿಯ ಒಳಗೇ ಸಿಗತೊಡಗಿತು. ಕೋಲಾರದ ಯಾವ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೂ ಕೊಡುತ್ತಾರೆ. ಕೇಳುವವರು ಕಡಿಮೆ, ಬರೆಯುವವರು ಇನ್ನೂ ಕಡಿಮೆ. ನನ್ನ ಲೆಕ್ಕದಲ್ಲಿ ಈ ಜಿಲ್ಲೆಯ ಮಟ್ಟಿಗೆ ವಾರದ ಇಂಜೆಕ್ಷನ್ನಿಗಿಂತ ಈ ಬೆಲೆ ಇಳಿಕೆಯೇ ದೊಡ್ಡ ಸುದ್ದಿ. ಟೀವಿಯಲ್ಲಿ ಬರಲಿಲ್ಲ, ಅಷ್ಟೇ.

ಇವಕ್ಕೂ ಒಂದು ಕಿರಿಕಿರಿ ಇದೆ, ಅದು ಯಾರೂ ಬಾಯಿಬಿಟ್ಟು ಹೇಳದ್ದು. ನಮ್ಮ ಚಿಕ್ಕಮ್ಮನಿಗೆ ಡಪಾಗ್ಲಿಫ್ಲೋಜಿನ್ ಬರೆದಿದ್ದರು. ಒಂದು ತಿಂಗಳು ತೆಗೆದುಕೊಂಡು ಬಿಟ್ಟುಬಿಟ್ಟರು. ಯಾಕೆ ಎಂದರೆ "ಸೇರಲಿಲ್ಲ" ಅಂದರು. ನನ್ನ ಹೆಂಡತಿ ಒಳಗೆ ಕೂರಿಸಿಕೊಂಡು ಕೇಳಿದ ಮೇಲೆ ಗೊತ್ತಾಯಿತು: ಗುಪ್ತಾಂಗದಲ್ಲಿ ನವೆ, ಉರಿ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆಗುವ ಫಂಗಸ್ ಸೋಂಕು ಅದು. ಪ್ರತಿ ಸಲ ನೀರಿನಲ್ಲಿ ತೊಳೆದುಕೊಂಡು ಒಣಗಿಸಿಕೊಳ್ಳುವುದು, ಬಂದರೆ ಒಂದು ಮುಲಾಮು ಹಚ್ಚುವುದು, ಬಹುಪಾಲು ಅಷ್ಟರಲ್ಲೇ ಹೋಗುವಂಥದ್ದು. ಮಾತ್ರೆ ಬರೆದವರು ಅದನ್ನು ಮೊದಲೇ ಹೇಳಿರಲಿಲ್ಲ, ಗಂಡಸು ಡಾಕ್ಟರಿಗೆ ಹೋಗಿ ಹೇಳಿಕೊಳ್ಳಲು ಚಿಕ್ಕಮ್ಮನಿಗೆ ಆಗಲಿಲ್ಲ. ಹೃದಯ ಕಾಯುವ ಮಾತ್ರೆ ನಾಚಿಕೆಯ ಕೈಯಲ್ಲಿ ಸೋತಿತು. ಇನ್ನೂ ಒಂದು ಎಚ್ಚರಿಕೆ: ಏಕಾದಶಿ, ಶಿವರಾತ್ರಿಯ ಉಪವಾಸದಲ್ಲಿ, ವಾಂತಿ-ಭೇದಿಯಲ್ಲಿ, ಆಪರೇಷನ್ನಿಗೆ ಮೊದಲು ಈ ಮಾತ್ರೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಶುಗರ್ ನಾರ್ಮಲ್ ಇದ್ದರೂ ರಕ್ತದಲ್ಲಿ ಆಮ್ಲ ಹೆಚ್ಚಿ ಅಪಾಯವಾಗಬಹುದು.

ಟ್ರೈಗ್ಲಿಸರೈಡ್ ಹೆಚ್ಚಿದ್ದು ಲಿವರಿನಲ್ಲೂ ಕೊಬ್ಬಿದ್ದವರಿಗೆ ನಮ್ಮ ದೇಶದ್ದೇ ಒಂದು ಔಷಧಿ ಇದೆ, ಸಾರೋಗ್ಲಿಟಜಾರ್. ಅಹಮದಾಬಾದಿನ ಜೈಡಸ್ ಕಂಪನಿ ತಯಾರಿಸಿದ ಇದಕ್ಕೆ 2013ರಲ್ಲಿ ಅನುಮತಿ ಸಿಕ್ಕಿತು. ಹೃದಯಾಘಾತ ತಡೆಯುವ ವಿಷಯದಲ್ಲಿ ಮಾತ್ರ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗೆ ಸಾಟಿ ಇಲ್ಲ. ನಲವತ್ತು ದಾಟಿದ ಡಯಾಬಿಟೀಸ್ ರೋಗಿಗೆ, ಕೊಲೆಸ್ಟ್ರಾಲ್ ರಿಪೋರ್ಟ್ ಸುಮಾರಾಗಿದ್ದರೂ ಅದು ಬೇಕು. "ರಿಪೋರ್ಟ್ ನಾರ್ಮಲ್ ಬಂತು, ಬಿಟ್ಟುಬಿಟ್ಟೆ" ಎಂದು ಎಷ್ಟು ಜನ ಹೇಳುತ್ತಾರೋ! ಮಾತ್ರೆ ತೆಗೆದುಕೊಂಡದ್ದರಿಂದಲೇ ನಾರ್ಮಲ್ ಬಂದದ್ದು.

ಹಲ್ಲಿಯ ಜೊಲ್ಲಿನಿಂದ ಹೊರಟ ಇಂಜೆಕ್ಷನ್

ಇನ್ನು ಚಿಕ್ಕಪ್ಪ ಕೇಳಿದ್ದು. ನಾವು ಉಂಡಾಗ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಬಿಡುತ್ತದೆ. ಅದು ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಮಿದುಳಿಗೆ 'ಸಾಕು' ಅನ್ನುತ್ತದೆ. ಕಷ್ಟವೇನೆಂದರೆ ಎರಡು ನಿಮಿಷದಲ್ಲಿ ಕರಗಿಹೋಗುತ್ತದೆ. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಅನ್ನುವ ವಿಷದ ಹಲ್ಲಿಯ ಜೊಲ್ಲಿನಲ್ಲಿ ಇದನ್ನೇ ಹೋಲುವ, ಆದರೆ ಬೇಗ ಕರಗದ ವಸ್ತುವನ್ನು ಜಾನ್ ಎಂಗ್ 1992ರಲ್ಲಿ ಗುರುತಿಸಿದರು. 2005ರಲ್ಲಿ ಅದು ಎಕ್ಸೆನಟೈಡ್ ಎಂಬ ಇಂಜೆಕ್ಷನ್ನಾಯಿತು, ದಿನಕ್ಕೆರಡು ಬಾರಿ ಚುಚ್ಚಿಕೊಳ್ಳಬೇಕಿತ್ತು. ಅಲ್ಲಿಂದ ದಿನಕ್ಕೊಂದರ ಲಿರಾಗ್ಲುಟೈಡ್, ವಾರಕ್ಕೊಂದರ ಸೆಮಾಗ್ಲುಟೈಡ್. ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಸೇರಿಸಿಕೊಂಡ ಟಿರ್ಜೆಪಟೈಡ್ ಕೊನೆಗೆ ಬಂತು.

ಜಾಹೀರಾತಿನಲ್ಲಿ ಬರುವ ಅಂಕಿಗಳು ಬಹುಪಾಲು ಡಯಾಬಿಟೀಸ್ ಇಲ್ಲದವರವು ಅನ್ನುವುದನ್ನು ಗಮನಿಸಬೇಕು. ಸೆಮಾಗ್ಲುಟೈಡ್ 2.4 ಮಿ.ಗ್ರಾಂ. ತೆಗೆದುಕೊಂಡ, ಡಯಾಬಿಟೀಸ್ ಇಲ್ಲದವರು 68 ವಾರದಲ್ಲಿ ಸರಾಸರಿ ಶೇ 14.9 ತೂಕ ಕಳೆದುಕೊಂಡರೆ, ಡಯಾಬಿಟೀಸ್ ಇದ್ದವರು ಕಳೆದುಕೊಂಡದ್ದು ಶೇ 9.6. ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಪ್ರಮಾಣದಲ್ಲಿ 72 ವಾರಕ್ಕೆ ಅದು ಶೇ 20.9 ಮತ್ತು ಶೇ 14.7. ಚಿಕ್ಕಪ್ಪನ 88 ಕೆ.ಜಿ.ಗೆ ಹಾಕಿ ನೋಡಿದರೆ ಒಂದರಲ್ಲಿ ಸುಮಾರು ಎಂಟೂವರೆ, ಇನ್ನೊಂದರಲ್ಲಿ ಹದಿಮೂರು ಕೆ.ಜಿ. ಅದೂ ಒಂದೂವರೆ ವರ್ಷದ ಹತ್ತಿರ, ಪ್ರಮಾಣ ಪೂರ್ತಿ ಏರಿಸಿದವರಲ್ಲಿ. ಕಡಿಮೆಯೇನಲ್ಲ. ಆದರೆ ಪಕ್ಕದ ಮನೆಯ ಹುಡುಗಿ ಮದುವೆಗೆ ಮುಂಚೆ ಹಾಕಿಸಿಕೊಂಡು ಬಳ್ಳಿಯಂತಾದಳು ಅನ್ನುವ ಕಥೆ ಇವರಿಗೆ ಅನ್ವಯಿಸುವುದಿಲ್ಲ.

ತೂಕಕ್ಕಿಂತ ಹೆಚ್ಚಿನ ಲಾಭ ಬೇರೆಡೆ ಇದೆ. 2024ರಲ್ಲಿ ಬಂದ 'ಫ್ಲೋ' ಪ್ರಯೋಗದಲ್ಲಿ, ಡಯಾಬಿಟೀಸ್ ಜೊತೆ ಕಿಡ್ನಿ ತೊಂದರೆಯೂ ಇದ್ದ 3,533 ಮಂದಿಯಲ್ಲಿ ಸೆಮಾಗ್ಲುಟೈಡ್ ಕಿಡ್ನಿ ವೈಫಲ್ಯದಂಥ ದೊಡ್ಡ ಅನಾಹುತಗಳನ್ನು ಶೇ 24ರಷ್ಟು ತಗ್ಗಿಸಿತು. ಲಿವರಿನ ಉರಿಯೂತಕ್ಕೂ ಅಮೆರಿಕದಲ್ಲಿ ಅದಕ್ಕೆ 2025ರಲ್ಲಿ ಅನುಮತಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರಿನಲ್ಲಿ ಈ ಗುಂಪನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದಾಗಲೂ ಹೇಳಿದ್ದು ಬರೀ ದಪ್ಪಗಿರುವವರಿಗೆ ಎಂದಲ್ಲ. ಡಯಾಬಿಟೀಸ್, ಅದರ ಜೊತೆ ಹೃದಯ ಅಥವಾ ಕಿಡ್ನಿ ಕಾಯಿಲೆ, ಮತ್ತು ಬೊಜ್ಜು, ಇಷ್ಟೂ ಕೂಡಿದವರಿಗೆ. ಈ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರುತ್ತಿರುವ, ಒಮ್ಮೆ ಸ್ಟೆಂಟ್ ಹಾಕಿಸಿಕೊಂಡ, ಡಯಾಲಿಸಿಸ್ಸಿನ ಬಾಗಿಲ ಹತ್ತಿರ ಬಂದಿರುವ ಮನುಷ್ಯ. ಈಗ ಮೊದಲು ನಿಂತಿರುವವರು ದುಡ್ಡಿದ್ದವರು.

ಟೊಮೆಟೊ ಬಾಕ್ಸಿನ ಲೆಕ್ಕ

ಟಿರ್ಜೆಪಟೈಡ್ ಮೌಂಜಾರೊ ಹೆಸರಿನಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ 2.5 ಮಿ.ಗ್ರಾಂ. ಬಾಟಲಿಗೆ 3,500 ರೂಪಾಯಿ, 5 ಮಿ.ಗ್ರಾಂ.ಗೆ 4,375. ವಾರಕ್ಕೆ ಒಂದು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿಗೆ 200 ರೂಪಾಯಿ ಸಿಕ್ಕ ದಿನ, ಒಂದು ಚುಚ್ಚುಮದ್ದಿಗೆ ಹದಿನೆಂಟು ಬಾಕ್ಸ್ ಇಳಿಸಬೇಕು. 2023ರ ಜುಲೈಯಲ್ಲಿ ಬಾಕ್ಸು ಎರಡು ಸಾವಿರ ದಾಟಿದಂಥ ದಿನಗಳಲ್ಲಿ ಎರಡೇ ಬಾಕ್ಸ್ ಸಾಕು. ಆದರೆ ಔಷಧಿಯನ್ನು ಟೊಮೆಟೊ ರೇಟ್ ನೋಡಿಕೊಂಡು ತೆಗೆದುಕೊಳ್ಳಲಾಗುವುದಿಲ್ಲ. ಸೆಮಾಗ್ಲುಟೈಡ್ ವೆಗೊವಿ ಹೆಸರಿನಲ್ಲಿ 2025ರ ಜೂನ್‌ನಲ್ಲಿ, ಒಜೆಂಪಿಕ್ ಹೆಸರಿನಲ್ಲಿ ಅದೇ ಡಿಸೆಂಬರಿನಲ್ಲಿ ಬಂತು. ಒಜೆಂಪಿಕ್ ಆರಂಭದ ಪ್ರಮಾಣಕ್ಕೆ ವಾರಕ್ಕೆ 2,200 ರೂಪಾಯಿ ಇಟ್ಟರು. ಮೌಂಜಾರೊಗಿಂತ ಕಡಿಮೆಯ ಈ ಬೆಲೆಗೆ ಕಾರಣ ಕಂಪನಿಗಳ ಕರುಣೆಯಲ್ಲ, ಇಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಇದ್ದದ್ದೇ 2026ರ ಮಾರ್ಚ್‌ವರೆಗೆ. ಆಚೆಗೆ ದೇಶಿ ಕಂಪನಿಗಳ ಸರದಿ. ಸಿಟಾಗ್ಲಿಪ್ಟಿನ್ ಅನ್ನುವ ಶುಗರ್ ಮಾತ್ರೆಯ ಪೇಟೆಂಟ್ 2022ರಲ್ಲಿ ಮುಗಿದ ಕೆಲವೇ ವಾರಗಳಲ್ಲಿ ಜನೌಷಧಿ ಕೇಂದ್ರದಲ್ಲಿ ಹತ್ತು ಮಾತ್ರೆಗೆ 60 ರೂಪಾಯಿಯಾದದ್ದನ್ನು ನೋಡಿದವರಿಗೆ ಈ ದಾರಿ ಹೊಸದಲ್ಲ.

ಅಗ್ಗವಾಗುವುದು ಒಳ್ಳೆಯದೇ. ನನ್ನ ಭಯ ಆಮೇಲಿನದು. ಈ ಇಂಜೆಕ್ಷನ್ ಬಿಟ್ಟರೆ ತೂಕ ಮರಳುತ್ತದೆ: ಡಯಾಬಿಟೀಸ್ ಇಲ್ಲದವರ ಮೇಲಿನ ಪ್ರಯೋಗದಲ್ಲಿ, ನಿಲ್ಲಿಸಿದ ಒಂದೇ ವರ್ಷದಲ್ಲಿ ಕಳೆದುಕೊಂಡ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಬೊಜ್ಜು ಜ್ವರದ ಹಾಗೆ ಬಂದು ಹೋಗುವುದಲ್ಲ, ಬಿಪಿಯ ಹಾಗೆ ಉಳಿಯುವುದು. ಮೂರು ತಿಂಗಳ ದುಡ್ಡು ಕೂಡಿಸಿಟ್ಟುಕೊಂಡು ಶುರುಮಾಡುವುದರಲ್ಲಿ ಅರ್ಥವಿಲ್ಲ. ಮೇಲಾಗಿ ಇಳಿದ ತೂಕದಲ್ಲಿ ಕಾಲು ಭಾಗದಿಂದ ಶೇ 40ರವರೆಗೆ ಮಾಂಸಖಂಡದಂಥ ಕೊಬ್ಬಲ್ಲದ ಅಂಶ ಇರುತ್ತದೆ. ಮರಳಿ ಬರುವಾಗ ಹೆಚ್ಚಾಗಿ ಬರುವುದು ಕೊಬ್ಬು. ಗುದ್ದಲಿ ಹಿಡಿಯುವ, ನೀರು ಕಟ್ಟುವ ಮೈಗೆ ಇದು ಸಣ್ಣ ನಷ್ಟವಲ್ಲ. ಹಸಿವಿಲ್ಲವೆಂದು ಅರ್ಧ ಲೋಟ ಮಜ್ಜಿಗೆ ಕುಡಿದು ಮಲಗದೆ, ಮೊಟ್ಟೆ, ಹುರುಳಿ, ಅವರೆಕಾಳು, ಮೊಸರನ್ನು ಹಟದಿಂದ ತಿನ್ನಬೇಕು. ಭಾರ ಎತ್ತುವ ಕೆಲಸ ಬಿಡಬಾರದು.

ಶುರುಮಾಡುವ ಮುಂಚೆ ಕಣ್ಣಿನ ಒಳಪದರ ತೋರಿಸಿಕೊಳ್ಳಬೇಕು. ಹಳೆಯ ಶುಗರಿನಿಂದ ಕಣ್ಣಿಗೆ ಪೆಟ್ಟು ಬಿದ್ದಿದ್ದವರಲ್ಲಿ ಸಕ್ಕರೆ ದಿಢೀರನೆ ಇಳಿದಾಗ ದೃಷ್ಟಿ ತೊಂದರೆ ಹೆಚ್ಚಾದದ್ದು 2016ರ ಒಂದು ಪ್ರಯೋಗದಲ್ಲಿ ಕಂಡಿದೆ. ವಾಕರಿಕೆ, ವಾಂತಿ, ಮಲಬದ್ಧತೆ ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಭಾನುವಾರದ ಬಾಡೂಟವನ್ನು ಹಳೇ ಪ್ರಮಾಣದಲ್ಲಿ ಉಂಡವರು ರಾತ್ರಿಯಿಡೀ ಕೂತೇ ಇರುತ್ತಾರೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕದ ಉರಿಯೂತ ಆಗಬಹುದು. ಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ ನೋವು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರಬಾರದು. ಮನೆತನದಲ್ಲಿ ಥೈರಾಯ್ಡಿನ ಮೆಡುಲರಿ ಕ್ಯಾನ್ಸರ್ ಇದ್ದವರಿಗೆ ಇದು ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯ, ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಪ್ರಮಾಣ ತಗ್ಗಿಸದೆ ಇದನ್ನು ಮೇಲೆ ಹಾಕಿದರೆ ಲೋ ಶುಗರ್ ಆಗುತ್ತದೆ. ಹಳೆಯ ಚೀಟಿ ಬಚ್ಚಿಟ್ಟು ಆನ್‌ಲೈನಿನಲ್ಲಿ ಇಂಜೆಕ್ಷನ್ ತರಿಸಿಕೊಳ್ಳುವವರಿಗೆ ಇದನ್ನು ಹೇಳುವವರಿರುವುದಿಲ್ಲ. ಇನ್ನು ತೆರೆಯದ ಇಂಜೆಕ್ಷನ್ ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಿದರೆ ಬಿಸಾಡಬೇಕು. ಬೇಸಿಗೆಯಲ್ಲಿ ಪವರ್ ಕಟ್ ಇರುವ ಹಳ್ಳಿಯಲ್ಲಿ ಇದೂ ಒಂದು ಲೆಕ್ಕ. 2022ರಿಂದ ಇಲ್ಲಿ ಸಿಗುವ ಸೆಮಾಗ್ಲುಟೈಡ್ ಮಾತ್ರೆ ತೆಗೆದುಕೊಳ್ಳೋಣ ಎಂದರೆ, ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಏನೂ ಮುಟ್ಟುವಂತಿಲ್ಲ. ಹಾಲು ಕರೆದು ಡೈರಿಗೆ ಹಾಕಿ ಬಂದವರಿಗೆ ಮೊದಲು ಬೇಕಿರುವುದು ಕಾಫಿ!

ಟೇಪು ಯಾರ ಕೈಯಲ್ಲಿದೆ

ಚೀಟಿಯಲ್ಲಿ ಇಲ್ಲದ ಆ ಅಳತೆ ಇನ್ನೊಂದು ಕಡೆ ಇದೆ. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರ ಮನೆಗೆ ಬಂದು ತುಂಬಿಸುವ ಫಾರಂನಲ್ಲಿ ವಯಸ್ಸು, ಬೀಡಿ-ತಂಬಾಕು, ಕುಡಿತ, ವ್ಯಾಯಾಮ, ಮನೆತನದ ಕಾಯಿಲೆ ಇವುಗಳ ಜೊತೆ ಹೊಟ್ಟೆಯ ಸುತ್ತಳತೆಗೂ ಒಂದು ಕಾಲಂ ಇದೆ. ಗಂಡಸರಿಗೆ 90 ಸೆಂ.ಮೀ. ದಾಟಿದರೆ ಒಂದು ಅಂಕ, 100 ದಾಟಿದರೆ ಎರಡು. ಒಟ್ಟು ನಾಲ್ಕು ಮೀರಿದರೆ ತಪಾಸಣೆಗೆ ಮೊದಲು ಕಳಿಸಬೇಕು. ರಾಜ್ಯ ಸರ್ಕಾರ ಮನೆಬಾಗಿಲಲ್ಲೇ ಶುಗರ್, ಬಿಪಿ ನೋಡುವ 'ಗೃಹ ಆರೋಗ್ಯ' ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುಮಾಡಿದ್ದೂ ಕೋಲಾರ ಜಿಲ್ಲೆಯಲ್ಲೇ. ಅಂದರೆ ಯಾರ ಹೊಟ್ಟೆ ಎಷ್ಟು ಅನ್ನುವುದನ್ನು ಬರೆದಿಡುವ ವ್ಯವಸ್ಥೆ ಈ ಜಿಲ್ಲೆಗೆ ಇದೆ. ಆ ಅಂಕಿ ಫಾರಂನಿಂದ ವೈದ್ಯರ ಮೇಜಿಗೆ ಹೋಗಿ, "ಈ ಮನುಷ್ಯನಿಗೆ ತೂಕ ಏರಿಸದ ಮಾತ್ರೆ ಯಾವುದಿದೆ?" ಅನ್ನುವ ಪ್ರಶ್ನೆಯಾಗಬೇಕಿತ್ತು. ಸರ್ಕಾರಿ ಔಷಧಿ ಕಪಾಟಿನಲ್ಲಿ ಮೆಟ್‌ಫಾರ್ಮಿನ್ ಪಕ್ಕದಲ್ಲಿ ಈ ಅಗ್ಗದ ಗ್ಲಿಫ್ಲೋಜಿನ್‌ಗಳೂ ಧಾರಾಳವಾಗಿ ಇದ್ದರೆ, ಇಂಜೆಕ್ಷನ್ ಕೇಳುವ ಅರ್ಧ ಮಂದಿಗೆ ಅದರ ಅಗತ್ಯವೇ ಬೀಳಲಾರದು ಎಂದು ನನಗನಿಸುತ್ತದೆ.

ನಾನು ಊರಲ್ಲಿದ್ದ ಭಾನುವಾರ ಆಶಾ ಅಕ್ಕ ಬೇರೇನೋ ಕೆಲಸಕ್ಕೆ ಬಂದಿದ್ದರು. ನಾನೇ ಕೇಳಿ ಟೇಪು ತೆಗೆಸಿದೆ. "ಅಣ್ಣಾ, ಉಸಿರು ಬಿಡಿ, ಹೊಟ್ಟೆ ಒಳಗೆಳ್ಕೋಬೇಡಿ" ಎಂದು ಗದರಿ, ಪಂಚೆ ಸಡಿಲಿಸಿ, ಪಕ್ಕೆಲುಬು ಮುಗಿಯುವಲ್ಲಿಗೂ ಸೊಂಟದ ಮೂಳೆಗೂ ಮಧ್ಯದಲ್ಲಿ ಟೇಪು ಸುತ್ತಿದರು. 106. ಚಿಕ್ಕಪ್ಪ ನಂಬಲಿಲ್ಲ, ಇನ್ನೊಮ್ಮೆ ಅಳೆಸಿದರು. ಮತ್ತೆ 106. ಒಳಗಿನಿಂದ ಪೆನ್ನು ತಂದು, ಕೊನೆಯ ಚೀಟಿಯಲ್ಲಿ ಶುಗರ್ ಬರೆದಿದ್ದ ಸಾಲಿನ ಕೆಳಗೆ ತಾವೇ ಅದನ್ನು ಬರೆದುಕೊಂಡರು. ಮುಂದಿನ ವಾರ ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋದಾಗ, "ಇದೇನ್ರೀ 106, ಫಾಸ್ಟಿಂಗಾ? ಚೆನ್ನಾಗಿದೆಯಲ್ಲ" ಅಂದರಂತೆ.